ತುಳಸಮ್ಮನೋರು ಹಾಕಿದ ಕಣ್ಣಿನ ಮದ್ದು

ತುಳಸಮ್ಮನೋರು ಇದ್ದದ್ದು ನಮ್ಮ ಮೀನುಗಾರ ಕೇರಿ ಕೊನೇಲಿ, ದೋಣಿ ಚಪ್ಪರದ ಒಂದು ಮೂಲೇಲಿ. ಒಂದು ಚಾಪೆ, ಒಂದು ಚಂಬು, ಹರಿದ ಬಲೆ ಹೊಲಿಯೋ ಸೂಜಿ. ದೂರದೂರಿಂದ ಜನ ಬಂದು ಕಾಲಿಗೆ ಬಿದ್ರೆ ಬಲೆಯಿಂದ ಕಣ್ಣೆತ್ತಿ ಒಂದ್ಸಲ ನೋಡೋರು, ಅಷ್ಟೇ. ಆ ನೋಟಕ್ಕೇ ಗಟ್ಟಿಗಟ್ಟಿ ಗಂಡಸರು ಅತ್ತಿದ್ದನ್ನ ನಾನೇ ಕಂಡಿದ್ದೇನೆ.

ನನ್ನ ಪಕ್ಕದ ಮನೆ ಹಮ್ಮಣ್ಣ ಮಾತ್ರ ಬಗ್ಗಿದೋನಲ್ಲ. "ಬಲೆ ಹೊಲಿಯೋ ಮುದುಕೀಲಿ ಎಂಥ ದೇವರು ಕೂತದೆ" ಅಂತ ದಾರೀಲಿ ನಿಂತೇ ಹೇಳ್ತಿದ್ದ. ಅವನ ಬಾಯಿಗೆ ಸೋತು ಹೆಂಡತಿ ತವರಿಗೆ ಹೋಗಿದ್ಲು. ನನ್ನ ಬಾಯೂ ಕಮ್ಮಿ ಇಲ್ಲ ಬಿಡಿ, ಆದ್ರೆ ನಾನು ದೇವರ ತಂಟೆಗೆ ಹೋಗೋಳಲ್ಲ.

ಒಂದಿನ ಬಲೆ ಕೊಡವುವಾಗ ಅದಕ್ಕಂಟಿದ್ದ ಲೋಳೆಮೀನಿನ ವಿಷದ ಎಳೆ ಹಾರಿ ಅವನ ಎರಡೂ ಕಣ್ಣಿಗೆ ಬಡೀತು. ಉರಿ ತಡೀದೆ ಗಸಗಸ ತಿಕ್ಕಿಬಿಟ್ಟ. ತಿಕ್ಕಿದಷ್ಟೂ ವಿಷ ಏರ್ತು, ಕಣ್ಣು ಊದಿ ಮುಚ್ಚಿಹೋಯ್ತು. ಪೇಟೆ ಡಾಕ್ಟರು ಮದ್ದು ಕೊಟ್ಟು, "ಗಂಟೆಗೊಮ್ಮೆ ಹನಿ ಬೀಳ್ಲೇಬೇಕು, ತಪ್ಪಿದ್ರೆ ದೃಷ್ಟಿ ಹೋಗ್ತದೆ" ಅಂದ್ರಂತೆ. ಹಾಕೋರು ಯಾರು? ಕೇರೀಲಿ ಅವನು ಬಯ್ಯದ ಮನೆಯೇ ಇರ್ಲಿಲ್ಲ. ನಾನು ಗಂಜಿ ಇಟ್ಟು ಬಂದೆ, ಕೂರ್ಲಿಲ್ಲ.

ತುಳಸಮ್ಮನೋರು ಬಂದು ಕೂತ್ರು.

ನಮ್ಮಿಬ್ಬರ ಮನೆ ನಡುವೆ ಇರೋದು ತೆಂಗಿನ ಗರಿ ತಟ್ಟಿ, ಎಲ್ಲಾ ಕೇಳ್ತದೆ, ಸಂದೀಲಿ ಕಾಣ್ತದೆ ಕೂಡ.

"ಯಾರದು?" ಅಂದ ಹಮ್ಮಣ್ಣ.

ಅಮ್ಮನೋರು ಅವನ ರೆಪ್ಪೆ ಬಿಡಿಸಿ ಹನಿ ಹಾಕಿದ್ರು.

"ಯಾರಾದ್ರೂ ಆಗು. ಆ ಮುದುಕಿ ಅಲ್ಲ ತಾನೆ? ಅವಳಾಗಿದ್ರೆ ಇಷ್ಟೊತ್ತಿಗೆ ಬೂದಿ ಮೆತ್ತಿ ದಕ್ಷಿಣೆ ಕೇಳೋಳು."

ನಾನು ಈಚೆ ಬಾಯಿಗೆ ಸೆರಗು ಒತ್ಕೊಂಡೆ.

ದಿನಾ ಬಯ್ದ. ಹೆಂಡತೀನ, ಕಡಲನ್ನ, ಅಮ್ಮನೋರನ್ನ. ಅವರು ಗಂಟೆಗೊಮ್ಮೆ ಹನಿ ಹಾಕ್ತಾ ಅಲ್ಲೇ ಇದ್ರು. ಬಯ್ದು ಬಯ್ದು ಸುಸ್ತಾಗಿ ಒಂದು ಸಂಜೆ ಅವನು, "ಹೋಗ್ಬೇಡ, ಇನ್ನೊಂಚೂರು ಕೂತ್ಕೋ" ಅಂದ. ಆ ದನಿ ಹಮ್ಮಣ್ಣಂದು ಅಂತ ನನಗೆ ಗುರ್ತೇ ಸಿಗ್ಲಿಲ್ಲ.

ಊತ ಇಳಿದು ಕಣ್ಣು ಬಿಟ್ಟಾಗ ಮೊದ್ಲು ಕಂಡದ್ದು ಬಲೆ ದಾರ ಕೊಯ್ದು ಗೀರುಬಿದ್ದ ಬೆರಳು. ಆಮೇಲೆ ಮುಖ. ನಾನು ತಟ್ಟಿ ಸಂದಿಯಿಂದ ನೋಡ್ತಿದ್ದೆ.

"ನಾ ಅಂದಿದ್ದೆಲ್ಲ ಕೇಳಿದ್ರಲ್ಲ ಅಮ್ಮ."

"ಕೇಳ್ದೆ. ನೀನು ಒಬ್ನೇ ಇದ್ದೆಯಪ್ಪ, ಅದಕ್ಕೇ ಅಷ್ಟು ಮಾತಾಡ್ದಿ," ಅಂದ್ರು ಅಮ್ಮನೋರು. ಸೀಸೆ ಮುಚ್ಚಳ ಹಾಕಿ ಎದ್ದು ಹೋದ್ರು. ಅವನು ಅವರು ಕೂತಿದ್ದ ನೆಲಕ್ಕೆ ಹಣೆ ಹಚ್ಚಿ ಬಹಳ ಹೊತ್ತು ಹಾಗೇ ಇದ್ದ.

ಈಗ ಅಮ್ಮನೋರಿಲ್ಲ. ಚಪ್ಪರದಲ್ಲಿ ಚಾಪೆ ಇದೆ. ಕೇರೀಲಿ ಯಾರಾದ್ರೂ ಒಂಟಿಯಾಗಿ ಕಾಯಿಲೆ ಬಿದ್ರೆ ಹಮ್ಮಣ್ಣ ಹೋಗಿ ಕೂರ್ತಾನೆ. ಮೊನ್ನೆ ನನಗೆ ಜ್ವರ. ನನಗಾದ್ರೂ ಯಾರಿದ್ದಾರೆ? ಅವನೇ ಬಂದು ಹಣೆಗೆ ಒದ್ದೆಬಟ್ಟೆ ಹಾಕಿದ.

"ಯಾಕೋ ಬಂದೆ, ನಿನಗೆ ಬೇರೆ ಕೆಲ್ಸ ಇಲ್ವಾ" ಅಂತ ಬಾಯಿಗೆ ಬಂದಂತೆ ಬಯ್ದೆ.

ಅವನು ಎದ್ದು ಹೋಗ್ಲಿಲ್ಲ.