ಸತ್ಯದ ಸಂದಿ ಬೀಗರ ಸಂದಿಯಾದದ್ದು

ಕಳೆದ ಭಾನುವಾರ ಮಧ್ಯಾಹ್ನ ಹಾಲಬಂಡೆ ಗುಡ್ಡದ ಬೀಗರ ಸಂದಿಯಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರ ಅಂಗಿಯ ಎರಡು ಗುಂಡಿಗಳು ಕಿತ್ತುಹೋಗಿವೆ. ಪ್ರಾಣಹಾನಿ ಆಗಿಲ್ಲ. ಘಟನೆ ನಡೆದಾಗ ಅವರ ಪತ್ನಿ, ಮಗಳು ಮತ್ತು ಮಗಳನ್ನು ನೋಡಿ ಒಪ್ಪಿದ್ದ ಬೀಗರ ಕಡೆಯ ಒಂದು ವ್ಯಾನಿನಷ್ಟು ಜನ ಸ್ಥಳದಲ್ಲಿದ್ದರು. ಯಾರೂ ನಗಲಿಲ್ಲ ಎಂದು ಕಣ್ಣಾರೆ ಕಂಡವರು ಹೇಳಿದ್ದಾರೆ. ಆ ಜಾಗದ ಇತಿಹಾಸ ಗೊತ್ತಿದ್ದವರು ಅಲ್ಲಿ ನಗುವುದೂ ಇಲ್ಲ.

ತುಂಗಭದ್ರೆಯ ಉತ್ತರಕ್ಕೆ, ಬಂಡೆಯ ಮೇಲೆ ಬಂಡೆ ಕೂತ ಸೀಮೆಯಲ್ಲಿ ಈ ಗುಡ್ಡವಿದೆ. ಎರಡು ಭಾರಿ ಬಂಡೆಗಳು ಮುನಿಸಿಕೊಂಡವರ ಹಾಗೆ ಅಕ್ಕಪಕ್ಕ ನಿಂತಿವೆ. ನಡುವೆ ಒಂದು ಸಂದಿ. ಬಾಯಲ್ಲಿ ಇಬ್ಬರು ಜೊತೆಯಾಗಿ ನಡೆಯಬಹುದು, ಮಧ್ಯದಲ್ಲಿ ಒಬ್ಬರು ಅಡ್ಡಡ್ಡಲಾಗಿ ಸರಿಯಬೇಕು, ಆಚೆ ತುದಿಯಲ್ಲಿ ಒಂದು ನೀರಿನ ಹೊಂಡ. ರಜೆಯ ದಿನ ಸುತ್ತಲಿನ ಊರುಗಳಿಂದ ಸಂಸಾರಗಳು ಮಂಡಕ್ಕಿ, ಮಿರ್ಚಿ ಕಟ್ಟಿಕೊಂಡು ಬರುತ್ತವೆ. ಮಕ್ಕಳು ಒಂದೇ ಉಸಿರಿಗೆ ಆಚೆ ಹೋಗಿ ಈಚೆ ಬರುತ್ತಾರೆ. ದೊಡ್ಡವರು ಸಂದಿಯನ್ನೊಮ್ಮೆ, ತಮ್ಮನ್ನೊಮ್ಮೆ ನೋಡಿಕೊಳ್ಳುತ್ತಾರೆ. ಮೈಕೈ ತುಂಬಿಕೊಂಡವರು ಎಲ್ಲರ ಫೋಟೊ ತೆಗೆಯುವ ಹೊಣೆಯನ್ನು ತಾವಾಗಿಯೇ ವಹಿಸಿಕೊಳ್ಳುತ್ತಾರೆ.

ಹಿಂದೆ ಒಂದು ಕಾಲದಲ್ಲಿ ಇದಕ್ಕೆ ಸತ್ಯದ ಸಂದಿ ಎಂದು ಹೆಸರಿತ್ತು ಎನ್ನುತ್ತಾರೆ. ಸುಳ್ಳಾಡಿದವನನ್ನು ಕಲ್ಲು ಹಿಡಿದುಕೊಳ್ಳುತ್ತದೆ, ನಿಜ ನುಡಿದವನನ್ನು ಬಿಡುತ್ತದೆ ಎಂಬುದು ಊರಿನ ನಂಬಿಕೆ. ಒಮ್ಮೆ ಸಿಕ್ಕಿಬಿದ್ದವನಿಗೆ ಆಮೇಲೆ ಯಾರೂ ಸಾಲ ಕೊಡುವುದಿಲ್ಲ, ಅವನಿಂದ ಸಾಲ ತರುವುದಿಲ್ಲ, ಅವನ ಮನೆಗೆ ಹೆಣ್ಣು ಹೋಗುವುದಿಲ್ಲ. ಊರಿನಲ್ಲಿ ಸತ್ಯವಂತರೆಲ್ಲ ತೆಳ್ಳಗಿದ್ದರು ಎಂಬುದನ್ನು ಆಗ ಯಾರೂ ಗಮನಿಸಿದಂತಿಲ್ಲ.

ಆ ಕಾಲದಲ್ಲಿ ಊರಿನ ನ್ಯಾಯ ಹೇಳುತ್ತಿದ್ದವನು ವಿರುಪಣ್ಣ. ಅವನ ಮಗಳು ನಿಂಬೆವ್ವನಿಗೆ ಹಿಂದೆ ಬಂದಿದ್ದ ಒಂದು ಸಂಬಂಧ, ಹಿರಿಯರು ಯಾವುದೋ ಮಾತಿಗೆ ಮಾತು ಬೆಳೆಸಿದ್ದರಿಂದ, ವೀಳ್ಯ ಹಿಡಿದ ಮೇಲೂ ಮುರಿದುಹೋಗಿತ್ತು. ಈ ಸಲ ನದಿಯಾಚೆಯ ಅಮರೇಗೌಡನ ಮನೆಯಿಂದ ಸಂಬಂಧ ಬಂದಿತ್ತು. ಹುಡುಗನನ್ನು ನಿಂಬೆವ್ವ ದನದ ಸಂತೆಯಲ್ಲಿ ಒಮ್ಮೆ ನೋಡಿದ್ದಳು. ಈ ಮದುವೆ ಮಾತ್ರ ಮುರಿಯಬಾರದು ಎಂದು ಅವ್ವನ ಮುಂದೆ ಹೇಳಿಯೂ ಇದ್ದಳು. ಒಪ್ಪಿಗೆಯ ಊಟಕ್ಕೆ ಅಮರೇಗೌಡ ಹೆಂಡತಿ ಬಸಲಿಂಗವ್ವನನ್ನೂ ನಾಲ್ಕು ಜನ ಹಿರಿಯರನ್ನೂ ಕರೆದುಕೊಂಡು ಬಂದ.

ಬೀಗರ ಊಟದ ಕಟ್ಟಳೆ ಆ ಸೀಮೆಯಲ್ಲಿ ಬಿಗಿಯಾದದ್ದು. ಬೀಗ ಸಾಕು ಎಂದರೆ ಇನ್ನೊಂದು ಹೋಳಿಗೆ ಬೀಳಬೇಕು. ಬಡಿಸಿದ ಮನೆಯ ಯಜಮಾನ ಎದುರಿಗೆ ಕೂತು ಬೀಗನ ಸರಿಸಮ ಉಣ್ಣಬೇಕು. ಕೈ ತೊಳೆದ ಮೇಲೆ ಯಾರು ಎಷ್ಟು ಉಂಡರೆಂಬ ಮಾತು ಯಾರ ಬಾಯಲ್ಲೂ ಬರಕೂಡದು. ಬೀಗನ ತುತ್ತು ಎಣಿಸಿದ ಮನೆಯಿಂದ ಬೀಗರು ಆ ಕ್ಷಣವೇ ಎದ್ದು ಹೋಗಬೇಕು, ಸಂಬಂಧ ಅಲ್ಲಿಗೆ ಮುಗಿಯಿತು. ಅಂದು ಹೋಳಿಗೆ ಬೇಯಿಸಿದವಳು ನಿಂಬೆವ್ವ. ಮಧ್ಯಾಹ್ನ ಹೊರಳುವವರೆಗೆ ಆಕೆ ಒಲೆಯ ಮುಂದಿನಿಂದ ಏಳಲಿಲ್ಲ ಎನ್ನುತ್ತಾರೆ.

ಉಂಡವರು ಮಲಗಿದ್ದರೆ ಈ ಐತಿಹ್ಯವೇ ಇರುತ್ತಿರಲಿಲ್ಲ. ಆದರೆ ವಿರುಪಣ್ಣನಿಗೆ ಬೀಗರಿಗೆ ಊರು ತೋರಿಸುವ ಉಮೇದು. ಊರಿನಲ್ಲಿ ತೋರಿಸಲು ಇದ್ದದ್ದು ಆ ಸಂದಿಯೊಂದೇ. ಎರಡು ಬಂಡಿ ಕಟ್ಟಿದರು. ಬೀಗರಿಗೆ ಕೊಟ್ಟು ಕಳಿಸುವ ಬುತ್ತಿ ಗಂಟು, ತುಪ್ಪದ ಗಿಂಡಿ ಎಲ್ಲವೂ ಬಂಡಿಗೇ ಬಂದವು. ಗುಡ್ಡ ನೋಡಿ ಹಾಗೆಯೇ ಹೊಳೆ ದಾಟುವುದೆಂದು ಮಾತಾಗಿತ್ತು. ಮೊದಲು ವಿರುಪಣ್ಣನ ತಾಯಿ ತಿಪ್ಪವ್ವ ಸೀರೆ ಎತ್ತಿ ಕಟ್ಟಿ ಸಂದಿಯಲ್ಲಿ ಸರಸರನೆ ಹೋಗಿ ಬಂದಳು. ಆಕೆ ಊರಿನಲ್ಲಿ ಸತ್ಯಕ್ಕೆ ಹೆಸರಾದವಳಲ್ಲ, ಆದರೆ ಕಡ್ಡಿಯಂತಿದ್ದಳು. ‘ಬರ್ರಿ ಗೌಡ್ರ, ಏನಿಲ್ಲ’ ಎಂದಳು. ಅಮರೇಗೌಡ ರುಮಾಲು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು ಒಳಗೆ ಹೋದ. ಮಧ್ಯದಲ್ಲಿ ನಿಂತ.

ಮೊದಲು ಅವನು ಸುತ್ತಲೂ ನೋಡುತ್ತಿದ್ದಾನೆ ಎಂದುಕೊಂಡರು. ಆಮೇಲೆ ಒಳಗಿನಿಂದ, ‘ಹಿಂದಕ್ಕೂ ಬರವಲ್ದು’ ಎಂಬ ಸಣ್ಣ ದನಿ ಕೇಳಿತು.

ಕಾರಣ ಹೊರಗಿದ್ದವರಿಗೆಲ್ಲ ಗೊತ್ತಿತ್ತು. ಹೇಳುವ ಹಾಗಿರಲಿಲ್ಲ. ಹೆಣ್ಣಿನ ಕಡೆಯವರು ಹೇಳಿದರೆ ಬೀಗನ ತುತ್ತು ಎಣಿಸಿದಂತೆ. ಗಂಡಿನ ಕಡೆಯವರು ಹೇಳಿದರೆ ಉಂಡ ಮನೆಯನ್ನು ದೂರಿದಂತೆ. ಮರ್ಯಾದಸ್ಥರು ಒಪ್ಪಬಹುದಾಗಿದ್ದ ಕಾರಣ ಒಂದೇ ಉಳಿಯಿತು: ಅಮರೇಗೌಡ ಸುಳ್ಳುಗಾರ.

‘ನಮ್ಮ ಗೌಡ್ರು ಸುಳ್ಳು ಹೇಳೋ ಪೈಕಿ ಅಲ್ಲ,’ ಎಂದಳು ಬಸಲಿಂಗವ್ವ, ಯಾರೂ ಕೇಳದಿದ್ದರೂ.

‘ನಾವೇನಂದ್ವಿ, ಬೀಗತಿ?’ ಎಂದಳು ತಿಪ್ಪವ್ವ. ‘ಕಲ್ಲು ಅಂದೈತಿ.’

ಮಾತು ಹಳೆಯ ಹಾದಿ ಹಿಡಿಯುತ್ತಿರುವುದನ್ನು ನಿಂಬೆವ್ವ ಕಂಡಳು. ವಿರುಪಣ್ಣನೂ ಕಂಡ. ಅವನು ಗುಡ್ಡ ಬಳಸಿ ಓಡಿ, ಹೊಂಡದ ಕಡೆಯಿಂದ ಸಂದಿ ಹೊಕ್ಕ. ಬೀಗನ ಎರಡೂ ಕೈ ಹಿಡಿದು ಎಳೆದ. ಬೀಗ ಬರಲಿಲ್ಲ. ಕೈ ಬಿಡದೆ ಹಿಂದೆ ಸರಿಯಲು ನೋಡಿದ. ತಾನೂ ಬರಲಿಲ್ಲ. ಕಟ್ಟಳೆಯಂತೆ ಅವನೂ ಬೀಗನ ಸರಿಸಮ ಉಂಡಿದ್ದ.

ಇಬ್ಬರೂ ಮೂಗಿಗೆ ಮೂಗು ಹತ್ತಿ ನಿಂತರು. ‘ಇಬ್ರೂ ಸುಳ್ಳರ ಆದ್ರ ಜೋಡಿ ಸರಿಯಾಗೇ ಕೂಡೈತಿ ಬಿಡ್ರಿ,’ ಎಂದಳು ತಿಪ್ಪವ್ವ. ಯಾರೂ ಅದನ್ನು ಮೆಚ್ಚಲಿಲ್ಲ. ಬಂಡಿ ಹೊಡೆಯುತ್ತಿದ್ದ ಹನುಮಪ್ಪ ಸಂದಿಯ ಬಾಯಿಗೆ ಬಂದು ಕೂತ. ಹೋದ ಸುಗ್ಗಿಯಲ್ಲಿ ಅವನ ಹೊಲದ ಬದುವಿನ ತಂಟೆಯಲ್ಲಿ ವಿರುಪಣ್ಣ ಪಕ್ಕದವನ ಪರವಾಗಿ ನ್ಯಾಯ ಹೇಳಿದ್ದ.

‘ಯಜಮಾನ್ರ,’ ಎಂದ ಹನುಮಪ್ಪ ಶಾಂತವಾಗಿ, ‘ಹಂಗಾದ್ರ ನನ್ನ ಬದು ಎಲ್ಲೈತ್ರೀ?’

ವಿರುಪಣ್ಣ ಹೇಳಿದ ನ್ಯಾಯವೆಲ್ಲ ಆ ಸಂದಿಯಲ್ಲಿ ಅವನ ಜೊತೆ ಸಿಕ್ಕಿಕೊಂಡಿತ್ತು. ಹೊತ್ತು ಇಳಿಯುತ್ತಿತ್ತು. ಬಂಡೆಯ ನೆರಳು ಹೊಂಡ ಮುಟ್ಟಿದಾಗ ಗುಡ್ಡದ ಕರಡಿಗಳು ನೀರಿಗೆ ಇಳಿಯುತ್ತವೆಂದು ಊರಿಗೆಲ್ಲ ಗೊತ್ತು. ಹೊಂಡದ ಕಡೆಗೆ ಇದ್ದದ್ದು ವಿರುಪಣ್ಣನ ಬೆನ್ನು. ಅಮರೇಗೌಡನ ಉಸಿರು ಹೊರಗೆ ಕೇಳುವಷ್ಟು ಸದ್ದು ಮಾಡುತ್ತಿತ್ತು. ಹಿರಿಯರು ಮುಂದೇನೆಂದು ಗಂಭೀರವಾಗಿ ಯೋಚಿಸುತ್ತಿದ್ದರು. ಅಂದರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಆಗ ನಿಂಬೆವ್ವ ಮುಂದೆ ಬಂದಳು. ‘ಹೋಳಿಗಿ ಬೇಯ್ಸಿದಾಕಿ ನಾನು,’ ಎಂದಳು. ‘ಲೆಕ್ಕ ನನಗೈತಿ.’ ತಿಪ್ಪವ್ವ ಅವಳ ಬಾಯಿ ಮುಚ್ಚಲು ಕೈ ಎತ್ತುವಷ್ಟರಲ್ಲಿ ಆಕೆ ಮಾವನಾಗುವವನು ತಿಂದ ಹೋಳಿಗೆ ಎಷ್ಟು, ಅಪ್ಪ ತಿಂದದ್ದು ಎಷ್ಟು ಎಂದು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಳು. ಆ ಸಂಖ್ಯೆಯನ್ನು ಊರಿನವರು ಇಂದಿಗೂ ಹೊರಗಿನವರಿಗೆ ತಿಳಿಸುವುದಿಲ್ಲ.

ಬಸಲಿಂಗವ್ವ ಎದ್ದು ನಿಂತಳು. ಕಟ್ಟಳೆಯ ಪ್ರಕಾರ ಆಕೆ ಬಂಡಿಯ ಕಡೆಗೆ ನಡೆಯಬೇಕಿತ್ತು. ಹಿರಿಯರು ಆಗಲೇ ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡಿದ್ದರು. ನಿಂಬೆವ್ವ ತಲೆ ತಗ್ಗಿಸಲಿಲ್ಲ. ಅಷ್ಟರಲ್ಲಿ ಕಲ್ಲಿನೊಳಗಿನಿಂದ ಅಮರೇಗೌಡನ ದನಿ ಬಂತು.

‘ಕಡೀದು ಅರ್ಧ ಬಿಟ್ಟೀನಿ, ತಂಗಿ.’

‘ಹೌದ್ರಿ ಮಾವ,’ ಎಂದಳು ನಿಂಬೆವ್ವ ಸ್ವಲ್ಪ ನೆನೆದು. ‘ಅರ್ಧ ಕಡಿಮಿ.’

ಬಸಲಿಂಗವ್ವ ರುಮಾಲನ್ನು ಹಿರಿಯರಲ್ಲಿ ಒಬ್ಬನ ಕೈಗೆ ಕೊಟ್ಟಳು. ‘ಕಲ್ಲಿನಾಗ ಸಿಕ್ಕೊಂಡೂ ಖರೇನ ಹೇಳ್ತಾರ,’ ಎಂದಳು. ‘ಸುಳ್ಳರಲ್ಲ, ಉಂಡಾರ ಅಷ್ಟ. ತುಪ್ಪ ಎಷ್ಟು ಉಳದೈತಿ, ಮಗಳ?’

ಒಂದು ಗಿಂಡಿ ತುಪ್ಪ ಬಂಡಿಯಲ್ಲಿತ್ತು. ಹನುಮಪ್ಪ ಅದನ್ನು ಹಿಡಿದು ಬಂಡೆ ಹತ್ತಿ ಮೇಲಿನಿಂದ ಇಬ್ಬರ ನಡುವೆ ಸುರಿಯತೊಡಗಿದ. ಅರ್ಧ ಸುರಿದವನು ನಿಲ್ಲಿಸಿ ಹೊಂಡದ ಕಡೆ ನೋಡಿದ. ‘ಬಂತು,’ ಎಂದ. ಏನು ಎಂದು ಯಾರೂ ಕೇಳಲಿಲ್ಲ. ಹೆಂಗಸರು ಗಂಡಸರೆನ್ನದೆ ಎಲ್ಲರೂ ಅಮರೇಗೌಡನ ಧೋತರ ಹಿಡಿದು ಎಳೆದರು. ಹೊಂಡದ ಕಡೆಯಿಂದ ಗುಟುರು ಕೇಳಿತು. ಅಮರೇಗೌಡ ಒಂದು ಗೇಣು ಜರುಗಿದ, ನಿಂತ, ಮತ್ತೆ ಜರುಗಿದ. ಅವನು ಬೀಗನ ಕೈ ಬಿಟ್ಟಿರಲಿಲ್ಲ. ಅವನು ಹೊರಗೆ ಬಿದ್ದಾಗ ವಿರುಪಣ್ಣನೂ ಇಡೀ ಸಂದಿಯನ್ನು ದಾಟಿ ಅವನ ಮೇಲೆಯೇ ಬಂದು ಬಿದ್ದ. ಸಂದಿ ಪೂರ್ತಿ ದಾಟಿದವನು ಸತ್ಯವಂತ. ಹನುಮಪ್ಪ ಬಂಡೆ ಇಳಿದು ಬಂದು, ‘ಬದು ಇದ್ದಲ್ಲೇ ಇರ್ಲಿ ಬಿಡ್ರಿ,’ ಎಂದು ಎತ್ತು ಹೂಡಿದ. ನಿಂಬೆವ್ವನ ಮದುವೆ ಆ ವೈಶಾಖದಲ್ಲಿಯೇ ಆಯಿತು. ಅಂದಿನಿಂದ ಯಾರೂ ಆ ಸಂದಿಗೆ ನ್ಯಾಯ ಕೇಳಲು ಹೋಗಲಿಲ್ಲ. ಹೆಸರೂ ಬದಲಾಯಿತು.

ಇಂದು ಹೋದವರಿಗೂ ಸಂದಿಯ ಮಧ್ಯದಲ್ಲಿ, ಎರಡೂ ಗೋಡೆಯ ಮೇಲೆ, ಹೊಟ್ಟೆಯ ಎತ್ತರಕ್ಕೆ ಒಂದೊಂದು ಕಪ್ಪು ಪಟ್ಟೆ ಕಾಣಿಸುತ್ತದೆ. ಕೈ ಇಟ್ಟರೆ ಜಾರುವಷ್ಟು ನುಣುಪು. ತುಪ್ಪದ ಕಲೆಯನ್ನು ಕರಡಿ ನೆಕ್ಕಿದ್ದರಿಂದ ಹಾಗಾಯಿತೆಂದು ಹಳಬರು ಹೇಳುತ್ತಾರೆ. ಭಾನುವಾರದ ಸಂಸಾರಗಳು ಉಜ್ಜಿದ್ದರಿಂದ ಎಂದು ಮಿರ್ಚಿ ಮಾರುವವನು ಹೇಳುತ್ತಾನೆ. ಸುತ್ತಲಿನ ಊರುಗಳಲ್ಲಿ ಸಂಬಂಧ ಕುದುರಿದರೆ ಬೀಗರಿಬ್ಬರನ್ನೂ ಇಲ್ಲಿಗೆ ಕರೆತರುವ ವಾಡಿಕೆ ಉಳಿದಿದೆ. ಮೊದಲು ಸಂದಿ, ಆಮೇಲೆ ಊಟ.

ಬ್ಯಾಂಕ್ ಮ್ಯಾನೇಜರರು ಈ ಕ್ರಮವನ್ನು ಹಿಂದುಮುಂದು ಮಾಡಿದ್ದರು. ಬೀಗರು ಅವರನ್ನು ಹೊರಗೆಳೆದರು. ಎಷ್ಟು ಉಂಡಿದ್ದರೆಂದು ಯಾರೂ ಕೇಳಲಿಲ್ಲ. ಒಂದು ಗುಂಡಿ ಸಿಕ್ಕಿದೆ. ನಿಶ್ಚಿತಾರ್ಥ ಬರುವ ಗುರುವಾರ.