ಪಟ್ಟಿಯಲ್ಲಿಲ್ಲದ ನಲವತ್ತೊಂದು ಹೆಸರು

ಹೊಳೆದಂಡೆಯ ಆಶ್ರಮದಲ್ಲಿ ಕಣ್ಣಿನ ಆಪರೇಷನ್ ಶಿಬಿರವಿತ್ತು. ಹೆಸರು ಬರೆಸಿಕೊಳ್ಳುವ ಸರ್ವರ್ ಕಟ್ಟಿದವನು ಇಂದುಧರ. ಗುರು ನಿಜಗುಣಯ್ಯನವರ ಬಳಿ ಮೂರು ವರ್ಷ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು, ಸಾವಿರ ಜನ ಒಮ್ಮೆಗೇ ನುಗ್ಗಿದರೂ ಜಗ್ಗದ ಹಾಗೆ ಕಟ್ಟಿದ್ದ. ಆ ಹೆಮ್ಮೆ ಅವನ ನಡಿಗೆಯಲ್ಲೇ ಕಾಣುತ್ತಿತ್ತು.

ಶಿಬಿರದ ಬೆಳಿಗ್ಗೆ ಬಸಲಿಂಗವ್ವ ಎಂಬ ಮುದುಕಿ ಬಂದಳು. ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

"ಮೆಸೇಜ್ ಬಂದೈತಲ್ಲೋ, ನೋಡು!" ಎಂದು ಮೊಬೈಲನ್ನು ಇಂದುಧರನ ಮೂಗಿಗೇ ಹಿಡಿದಳು. 'ನಿಮ್ಮ ಹೆಸರು ನೋಂದಣಿಯಾಗಿದೆ' ಎಂದಿತ್ತು.

"ಪಟ್ಟಿಯಲ್ಲಿ ಇಲ್ಲ ಅಂದರೆ ಇಲ್ಲ, ಅಜ್ಜಿ. ಜಾಗ ತುಂಬಿದೆ."

"ನನಗ ಕಣ್ಣು ಕಾಣಂಗಿಲ್ಲ, ಖರೆ. ನಿನಗೇನಾಗೇತಿ?"

ಬೈದವಳೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಇಂದುಧರ ಕಂಪ್ಯೂಟರಿನಲ್ಲಿ ಅವಳ ಅರ್ಜಿ ಹುಡುಕಿದ. ವಯಸ್ಸಿನ ಜಾಗದಲ್ಲಿ 'ಎಪ್ಪತ್ತು ಇರಬೇಕು' ಎಂದು ಬರೆಸಿದ್ದಳು. ಅವನಿಗೆ ಮೈಯೆಲ್ಲ ಉರಿಯಿತು. ನೇರ ಗುರುಗಳ ಕೋಣೆಗೆ ನುಗ್ಗಿದ.

"ಈ ಭಾಷೆಯೇ ಸರಿಯಿಲ್ಲ, ಗುರುಗಳೇ! ಅಂಕಿ ಇರಬೇಕಾದಲ್ಲಿ ಮಾತು ಬಂದರೂ ಒಳಗೆ ಬಿಟ್ಟುಕೊಳ್ಳುತ್ತದೆ. ಬೇರೆ ಭಾಷೆಯಾಗಿದ್ದರೆ ಬಾಗಿಲಲ್ಲೇ ತಡೆಯುತ್ತಿತ್ತು."

"ಬರೆದದ್ದನ್ನು ತೋರಿಸು."

ಗುರುಗಳು ಓದುತ್ತ ಹೋದರು. ಎರಡು ಸಾಲುಗಳ ಮೇಲೆ ಬೆರಳು ನಿಂತಿತು.

"ಇದೇನು?"

"ಸರ್ವರ್ ನಿಲ್ಲಬಾರದಲ್ಲ. ತಪ್ಪು ಬಂದರೂ ಸುಮ್ಮನೆ ಮುಂದಕ್ಕೆ ಹೋಗು ಅಂತ ಬರೆದೆ."

"ಆ ಹೆಸರು?"

"ಬಿಟ್ಟುಹೋಗುತ್ತದೆ."

"ಮೆಸೇಜು?"

ಇಂದುಧರ ನೆಲ ನೋಡಿದ. "ಅದು ಮಾತ್ರ ಎಲ್ಲರಿಗೂ ಹೋಗುತ್ತದೆ."

"ಹೀಗೆ ಎಷ್ಟು ಜನ?"

"ಗೊತ್ತಿಲ್ಲ."

ನಿಜಗುಣಯ್ಯನವರ ಮುಖ ಕೆಂಪೇರಿತು. ದನಿ ಎತ್ತಲಿಲ್ಲ. ಕೀಬೋರ್ಡನ್ನು ಸರಕ್ಕನೆ ಎಳೆದುಕೊಂಡು ಆ ಎರಡು ಸಾಲು ಅಳಿಸಿದರು. ಬಂದಿದ್ದ ಅರ್ಜಿಗಳನ್ನೆಲ್ಲ ಮತ್ತೊಮ್ಮೆ ಒಂದೊಂದಾಗಿ ಸರ್ವರಿಗೆ ಕೊಟ್ಟರು.

ಪರದೆಯ ಮೇಲೆ ತಪ್ಪುಗಳು ಸಾಲುಗಟ್ಟಿದವು. ಯಾರ ಅರ್ಜಿ, ಎಷ್ಟನೇ ಸಾಲು, ಏನು ಕೆಟ್ಟಿತು, ಎಲ್ಲವನ್ನೂ ಪೈಥಾನೇ ಬಿಡಿಸಿ ಬರೆದಿತ್ತು. ನಲವತ್ತೊಂದು ಜನ.

ಗುರುಗಳು ಎದ್ದುಹೋಗಿ ವೈದ್ಯರ ಕೈಹಿಡಿದು ಬೇಡಿಕೊಂಡರು. ಇನ್ನೊಂದು ದಿನ ಉಳಿಯಲು ಅವರು ಒಪ್ಪಿದರು.

"ಒಬ್ಬೊಬ್ಬರಿಗೂ ನೀನೇ ಹೇಳು," ಎಂದರು ಇಂದುಧರನಿಗೆ.

ಅವನು ಮೊದಲು ಮೆಟ್ಟಿಲ ಬಳಿ ಹೋದ. "ನಾಳೆನೂ ಹೆಸರಿಲ್ಲ ಅಂದೀಯಾ, ಕೋಲು ತಗೋತೀನಿ," ಎಂದಳು ಬಸಲಿಂಗವ್ವ. ಉಳಿದವರಿಗೆ ಫೋನ್ ಮಾಡಿದ. ಕೆಲವರು ಬೈದರು. ಆಶ್ರಮದಿಂದ ಎಂದ ಕೂಡಲೇ ಒಬ್ಬಾಕೆ ಅತ್ತುಬಿಟ್ಟಳು. ಒಬ್ಬ ಪೂರ್ತಿ ಕೇಳಿಸಿಕೊಂಡು, "ಆ ಮೆಸೇಜ್ ಕಳಿಸಿದೋನು ನೀನೇನಾ?" ಎಂದು ಫೋನ್ ಇಟ್ಟ.

ಸಂಜೆ ಗುರುಗಳ ಮುಂದೆ ನಿಂತಾಗ ಅವನ ಕಿವಿ ಸುಡುತ್ತಿತ್ತು. ಸಿಟ್ಟು ಮಾತ್ರ ಇಳಿದಿರಲಿಲ್ಲ.

"ನಲವತ್ತೊಂದು ಸಲ! ಒಂದು ಸಲವಾದರೂ ಈ ಭಾಷೆ ಬಾಯಿಬಿಡಬಾರದಿತ್ತೇ?"

"ನಲವತ್ತೊಂದು ಸಲವೂ ಕೂಗಿತು," ಎಂದರು ಗುರುಗಳು. "ಬಾಯಿ ಮುಚ್ಚಿಸಿದವನು ನೀನು."