ತಾಯಿಯವರ ಸೌಟು, ಅಂಬಣ್ಣನ ಡಬ್ಬಿ

ಪೂಜ್ಯ ಹಂಪವ್ವ ತಾಯಿಯವರು ಆಗ ಸಿಂಧನೂರು ಕಡೆ ಕಾಲುವೆ ದಂಡೆಯ ಗುಡಿಸಲೊಂದರಲ್ಲಿ ವಾಸವಾಗಿದ್ದರು. ಒಂದು ಒಲೆ, ಎರಡು ತಟ್ಟೆ, ಒಂದು ಮರದ ಸೌಟು: ಇಷ್ಟೇ ಅವರ ಮಠ.

ಪಕ್ಕದಲ್ಲೇ ಅಂಬಣ್ಣನ ಮೀನುಹೊಂಡ. ದಿನಾ ಬೆಳಿಗ್ಗೆ ಅವನು ತಗಡಿನ ಡಬ್ಬಿ ಬಡಿದರೆ ಸಾಕು, ರೋಹು, ಕಾಟ್ಲಾ ಎಲ್ಲ ಮೇವಿಗೆ ಮುಗಿಬೀಳುತ್ತಿದ್ದವು. ಬಲೆ ಎಳೆಯುವ ದಿನ ಅವನಿಗೊಂದು ಜಾಣತನ ಹೊಳೆಯಿತು. ಅದೇ ಡಬ್ಬಿ ಬಡಿದ. ನೆರೆದ ಮೀನುಗಳ ಮೇಲೆ ಬಲೆ ಬಿತ್ತು. ಸಿಕ್ಕವು ದಂಡೆಯ ಮೇಲೆ ಬಾಯಿ ಬಿಡುತ್ತ ಬಹಳ ಹೊತ್ತು ಒದ್ದಾಡಿದವು. ಉಳಿದವು ಅಂದಿನಿಂದ ಡಬ್ಬಿಯ ಸದ್ದಿಗೇ ತಳ ಸೇರಿದವು. ಮೇವು ನೀರಲ್ಲೇ ಕೊಳೆಯಿತು, ಮೀನು ಸೊರಗಿ ದಿನವೂ ಒಂದೆರಡು ಸತ್ತು ತೇಲತೊಡಗಿದವು. ತಾಯಿಯವರ ಭಕ್ತರು ದಿನಕ್ಕೆ ನೂರು ಎನ್ನುತ್ತಾರೆ. ಲೆಕ್ಕದಲ್ಲಿ ಭಕ್ತರ ಕೈ ಧಾರಾಳ.

ಯಾರದೋ ಕಣ್ಣು ಬಿದ್ದಿದೆ, ವಿಭೂತಿ ಕೊಡಿ ಎಂದು ಅಂಬಣ್ಣ ಬಂದ. ನಡೆದದ್ದನ್ನೆಲ್ಲ ಕೇಳಿದ ತಾಯಿಯವರು, ಮೀನಿಗೆ ಅದು ನೆನಪಿರಬೇಕು ಎಂದರು. ಅಂಬಣ್ಣ ನಕ್ಕ.

“ನೆಪ್ಪಿಡಾಕ ಅವೇನು ಬೀಗರೇನ್ರಿ ಯವ್ವಾ? ಮೀನದಾವ.”

ತಾಯಿಯವರು ವಾದಿಸಲಿಲ್ಲ. ಮರುದಿನ ಊಟಕ್ಕೆ ಕರೆದರು. ಬಿಸಿ ರೊಟ್ಟಿ, ಪುಂಡಿಪಲ್ಯ. ಅಂಬಣ್ಣ ಕೈ ಚಾಚಿದ್ದೇ ತಡ, ಗೆಣ್ಣಿನ ಮೇಲೆ ಸೌಟು ಬಿತ್ತು. ಅವನು ಕೈ ಒದರುತ್ತ ಓಡಿದ. ತಾಯಿಯವರು ಏನೂ ಆಗದವರಂತೆ ರೊಟ್ಟಿ ಬಡಿಯುತ್ತ ಕುಳಿತರು.

ಮೂರನೆಯ ದಿನ ಮತ್ತೆ ಕರೆ ಬಂತು, ಅದೇ ಅಕ್ಕರೆಯ ದನಿಯಲ್ಲಿ. ಅಂಬಣ್ಣ ಬಂದ, ಹೊಸ್ತಿಲಾಚೆಯೇ ನಿಂತ.

“ಹಸಿವಿಲ್ಲೇನೋ ನನ್ನಪ್ಪ?”

“ಹಸಿವೈತ್ರಿ. ಆದ್ರ ನಿನ್ನಿಂದು ನೆಪ್ಪೈತಿ. ಮೊದ್ಲು ಸೌಟು ಕೆಳಗಿಡ್ರಿ.”

“ಅವಕ್ಕೂ ಐತಿ,” ಎಂದರು ತಾಯಿಯವರು. “ಉಣ್ಣಾಕ ಕರದು ಹೊಡೀಬ್ಯಾಡ.”

ಅಂಬಣ್ಣನ ಕಣ್ಣ ಮುಂದೆ ದಂಡೆಯ ಮೇಲಿನ ಆ ಬಾಯಿಗಳು ಬಂದವು. ತಾಯಿಯವರೇ ಅವನ ಗೆಣ್ಣಿಗೆ ಎಣ್ಣೆ ಸವರಿ, ರೊಟ್ಟಿ ಮುರಿದು ಕೈಗಿಟ್ಟರು.

ಅಂದಿನಿಂದ ಅವನು ಡಬ್ಬಿ ಬಿಟ್ಟು, ಅಂಗೈಯಲ್ಲಿ ಮೇವು ಹಿಡಿದು ನೀರಿನಲ್ಲಿ ಕೂರುತ್ತಿದ್ದ. ಒಂಬತ್ತನೆಯ ಬೆಳಿಗ್ಗೆ ಬಡಕಲು ರೋಹುವೊಂದು ಬಂತು, ಹಿಂದೆ ಸರಿಯಿತು, ಮತ್ತೆ ಬಂದು ಪೆಟ್ಟು ಬಿದ್ದಿದ್ದ ಗೆಣ್ಣನ್ನೇ ಮುಟ್ಟಿ ಮೇವು ತಿಂದಿತು. ಬಿಸಿಲೇರುವವರೆಗೂ ಅಂಬಣ್ಣ ಕೈ ಮೇಲೆತ್ತಲಿಲ್ಲ.

ಮುಂದೆಯೂ ಅವನು ಮೀನು ಸಾಕಿದ, ಮಾರಿದ, ತಾಯಿಯವರು ಬೇಡವೆನ್ನಲಿಲ್ಲ. ಆದರೆ ಬಲೆಗೆ ಬಿದ್ದದ್ದನ್ನು ಒದ್ದಾಡಲು ಬಿಡದೆ ಒಂದೇ ಪೆಟ್ಟಿಗೆ ಜೀವ ಬಿಡಿಸುತ್ತಿದ್ದ. ಮೀನುಗಳ ನಂಬಿಕೆ ಮರಳಿದ ಮೇಲೆ ಮೇವಿಗೆ ಮತ್ತೆ ಡಬ್ಬಿ ಬಡಿದನಾದರೂ, ಬಲೆ ಎಳೆಯುವ ದಿನ ಅದು ಮನೆಯಲ್ಲೇ ಉಳಿಯುತ್ತಿತ್ತು. ಊಟಕ್ಕಲ್ಲದೆ ಅದು ಮತ್ತೆಂದೂ ಸದ್ದು ಮಾಡಲಿಲ್ಲ.